ಅರ್ಧ ಬರೆದ ಫೈಲು ಓದುಗನ ಕೈಗೆ ಸಿಗದಂತೆ ಮಾಡುವುದು ಹೇಗೆ: ಲಿನಕ್ಸ್‌ನಲ್ಲಿ ಓದು-ಬರಹದ ರೇಸ್ ಕಂಡಿಷನ್‌ಗೆ ಸಮಗ್ರ ಮಾರ್ಗದರ್ಶಿ

ಜೇಸನ್ (ಪಠ್ಯರೂಪದ ದತ್ತಾಂಶ) ಫೈಲು ಅರ್ಧಕ್ಕೇ ಮುಗಿದಿದೆ ಎಂಬ ದೋಷ ಲಾಗಿನಲ್ಲಿ ದಾಖಲಾಗುತ್ತದೆ. ಮರುಕ್ಷಣ ಅದೇ ಫೈಲನ್ನು ತೆರೆದು ನೋಡಿದರೆ ಎಲ್ಲವೂ ಸರಿಯಾಗಿರುತ್ತದೆ. ಎರಡು ದಿನ ಬಿಟ್ಟು ಮತ್ತೆ ಅದೇ ದೋಷ. ಒಬ್ಬ ಬರೆಯುತ್ತಿರುವಾಗಲೇ ಇನ್ನೊಬ್ಬ ಓದಿ, ಯಾರು ಮೊದಲು ಎಂಬುದರ ಮೇಲೆ ಫಲಿತಾಂಶ ನಿಲ್ಲುವ ಈ ಸ್ಥಿತಿಯೇ ರೇಸ್ ಕಂಡಿಷನ್. ಇಂಥ ಸ್ಥಿತಿಯಲ್ಲಿ ಹೆಚ್ಚಿನವರು ಮೊದಲು ಓದುವ ಪ್ರೋಗ್ರಾಮಿನಲ್ಲಿ ಅರ್ಧ ಸೆಕೆಂಡು ಕಾಯಿಸುತ್ತಾರೆ, ಆಮೇಲೆ ಮೂರು ಬಾರಿ ಮರುಪ್ರಯತ್ನಿಸುವ ಕೋಡು ಸೇರಿಸುತ್ತಾರೆ, ಕೊನೆಗೆ ಎಲ್ಲಿಂದಲೋ ಒಂದು ಲಾಕ್ (ಇತರರನ್ನು ಕಾಯಿಸುವ ಬೀಗ) ತಂದು ಹಾಕುತ್ತಾರೆ. ಮೂರರಿಂದಲೂ ದೋಷ ಅಪರೂಪವಾಗುತ್ತದೆಯೇ ಹೊರತು ಹೋಗುವುದಿಲ್ಲ; ಅಪರೂಪವಾದ ದೋಷವನ್ನು ಹಿಡಿಯುವುದು ಇನ್ನೂ ಕಷ್ಟ. ಇಲ್ಲಿ ಹೇಳಿರುವ ಹಂತಗಳನ್ನು ದಯವಿಟ್ಟು ಇದೇ ಕ್ರಮದಲ್ಲಿ ಅನುಸರಿಸಿ. ಕ್ರಮ ತಪ್ಪಿಸಿ ಲಾಕ್‌ನಿಂದ ಆರಂಭಿಸಿದವರೇ ಪದೇ ಪದೇ ಸೋಲುತ್ತಿರುವುದನ್ನು ನೋಡಿ ಇದನ್ನು ಬರೆಯುತ್ತಿದ್ದೇನೆ.

ಉದಾಹರಣೆಗೆ ಒಂದೇ ಫೈಲನ್ನು ಇಟ್ಟುಕೊಳ್ಳೋಣ. ಅಡಿಕೆಯ ದರಪಟ್ಟಿಯಿರುವ ಒಂದು ಜೇಸನ್ ಫೈಲು. ರಾಶಿ, ಬೆಟ್ಟೆ, ಗೊರಬಲು, ಸರಕು ಎಂದು ಬಗೆಬಗೆಯ ಅಡಿಕೆಯ ದರಗಳು ಅದರಲ್ಲಿವೆ. ಒಂದು ಪ್ರೋಗ್ರಾಮು ನಿಮಿಷಕ್ಕೊಮ್ಮೆ ಅದನ್ನು ಹೊಸದಾಗಿ ಬರೆಯುತ್ತದೆ. ವೆಬ್ ಸರ್ವರ್ ಪ್ರತಿ ಕೋರಿಕೆಗೂ ಅದನ್ನು ಓದುತ್ತದೆ.

ಬೇಕಾಗುವ ಸಲಕರಣೆಗಳು

ವ್ಯವಸ್ಥೆಯ ತಿರುಳಾದ ಕರ್ನಲ್‌ಗೆ ಪ್ರೋಗ್ರಾಮು ಸಲ್ಲಿಸುವ ಕೋರಿಕೆಗಳನ್ನು (ಸಿಸ್ಟಮ್ ಕಾಲ್‌ಗಳನ್ನು) ತೋರಿಸುವ ಎಸ್‌ಟ್ರೇಸ್, ಯಾವ ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಮು) ಯಾವ ಫೈಲನ್ನು ತೆರೆದಿದೆ ಎಂದು ಹೇಳುವ ಎಲ್‌ಎಸ್‌ಒಎಫ್, ಇನೋಡ್ (ಹೆಸರಿನ ಹಿಂದಿರುವ ನಿಜವಾದ ಫೈಲಿನ ದಾಖಲೆ) ಸಂಖ್ಯೆಯನ್ನು ನೋಡಲು ಸ್ಟ್ಯಾಟ್, ಡೈರೆಕ್ಟರಿಯಲ್ಲಿ ನಡೆಯುವ ಬದಲಾವಣೆಗಳನ್ನು ಕಾಯುವ ಐನೋಟಿಫೈವೇಟ್, ಮತ್ತು ಎಫ್‌ಲಾಕ್ ಆಜ್ಞೆ. ಈಗ ಹಿಡಿದಿರುವ ಲಾಕ್‌ಗಳ ಪಟ್ಟಿ ಪ್ರಾಕ್ ಡೈರೆಕ್ಟರಿಯ ಕೆಳಗಿನ ಲಾಕ್ಸ್ ಎಂಬ ಫೈಲಿನಲ್ಲಿ ಸಿಗುತ್ತದೆ. ಬೇರೇನೂ ಬೇಡ.

ಹಂತ 1: ಲಕ್ಷಣವನ್ನು ಸರಿಯಾಗಿ ಗುರುತಿಸಿ

ದೋಷ ಕಂಡ ಕ್ಷಣದಲ್ಲಿ ಓದುಗನಿಗೆ ಸಿಕ್ಕಿದ ಬೈಟುಗಳನ್ನು ಇದ್ದಂತೆಯೇ ಬೇರೊಂದು ಫೈಲಿಗೆ ಉಳಿಸುವ ನಾಲ್ಕು ಸಾಲಿನ ಕೋಡನ್ನು ಮೊದಲು ಸೇರಿಸಿ. ಇದನ್ನು ಮಾಡದೆ ಮುಂದಿನ ಯಾವ ತೀರ್ಮಾನಕ್ಕೂ ಆಧಾರವಿರುವುದಿಲ್ಲ.

ಉಳಿಸಿದ ಫೈಲು ಪೂರ್ತಿ ಖಾಲಿಯಿದ್ದರೆ, ಬರೆಯುವವನು ಫೈಲನ್ನು ತೆರೆಯುವಾಗಲೇ ಹಳೆಯದನ್ನು ಅಳಿಸಿದ್ದಾನೆ ಎಂದರ್ಥ. ಅದರ ಉದ್ದ 4096ರ ಅಥವಾ 8192ರ ಗುಣಕವಾಗಿದ್ದರೆ, ಬಫರು (ಬರೆಯುವ ಮೊದಲು ದತ್ತಾಂಶವನ್ನು ಕೂಡಿಡುವ ಮೆಮೊರಿಯ ಜಾಗ) ತುಂಬಿದಷ್ಟು ಭಾಗ ಮಾತ್ರ ಹೊರಗೆ ಬಂದಾಗ ಓದುಗ ಒಳಗೆ ಇಣುಕಿದ್ದಾನೆ. ಉದ್ದ ಸರಿಯಾಗಿದ್ದು ಮೊದಲ ಭಾಗ ಹೊಸದು, ಉಳಿದದ್ದು ಹಳೆಯದು ಎಂದಾದರೆ, ಫೈಲನ್ನು ಅದರ ಜಾಗದಲ್ಲೇ ತಿದ್ದಿ ಬರೆಯಲಾಗುತ್ತಿದೆ. ಯಾವ ದೋಷವೂ ಇಲ್ಲದೆ ಯಾರೋ ಮಾಡಿದ ಬದಲಾವಣೆ ಮಾತ್ರ ಮಾಯವಾಗಿದ್ದರೆ ಅದು ಬೇರೆಯೇ ಕಾಯಿಲೆ. ಅದಕ್ಕೆ ಹಂತ 6.

ಕನ್ನಡ ಪಠ್ಯ ತುಂಬಿದ ಫೈಲುಗಳಲ್ಲಿ ಇನ್ನೊಂದು ಗುರುತಿದೆ. ಅಕ್ಷರಗಳನ್ನು ಬೈಟುಗಳಾಗಿಸುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟು ಬೇಕು. 1365 ಸಂಕೇತಗಳಿಗೆ 4095 ಬೈಟು ಆಗುತ್ತದೆ. 4096ರ ಬಫರಿನಲ್ಲಿ ಉಳಿಯುವುದು ಒಂದೇ ಬೈಟು, ಮುಂದಿನ ಅಕ್ಷರದ ಮೂರನೆಯ ಒಂದು ಪಾಲು ಮಾತ್ರ. ಹಾಗಾಗಿ ಅರ್ಧ ಓದಿದ ಕನ್ನಡ ಪಠ್ಯದ ಕೊನೆಯಲ್ಲಿ ಕಪ್ಪು ವಜ್ರದೊಳಗೆ ಪ್ರಶ್ನೆಯಿರುವ ‘�’ ಚಿಹ್ನೆ ಕಾಣಿಸಿಕೊಳ್ಳುತ್ತದೆ. ಇದನ್ನು ಫಾಂಟಿನ ತೊಂದರೆಯೆಂದು ತಿಳಿದು ವಾರಗಟ್ಟಲೆ ಫಾಂಟು ಬದಲಿಸಿದವರನ್ನು ನಾನು ಬಲ್ಲೆ. ಆದರೆ ಚಿಹ್ನೆ ಕಾಣದಿದ್ದರೆ ಎಲ್ಲವೂ ಸರಿಯಿದೆ ಎಂದುಕೊಳ್ಳಬೇಡಿ. ‘ಅ’ದಿಂದ ‘ಹ’ವರೆಗಿನ ಅಕ್ಷರಗಳೆಲ್ಲ ಹೆಚ್ಚುಕಡಿಮೆ ಒಂದೇ ಎರಡು ಬೈಟುಗಳಿಂದ ಆರಂಭವಾಗುತ್ತವೆ, ಬದಲಾಗುವುದು ಮೂರನೆಯದು ಮಾತ್ರ. ಒಂದೇ ಉದ್ದದ ಹಳೆಯ ಮತ್ತು ಹೊಸ ಪಠ್ಯಗಳು ಅಕ್ಷರದ ನಡುವೆ ಬೆರೆತರೂ ಅಲ್ಲೊಂದು ಸರಿಯಾದ ಅಕ್ಷರವೇ ಮೂಡಿಬಿಡಬಹುದು, ಯಾವ ಪ್ರೋಗ್ರಾಮೂ ಆಕ್ಷೇಪಿಸುವುದಿಲ್ಲ.

ಹಂತ 2: ಬರೆಯುವವನು ನಿಜವಾಗಿ ಏನು ಮಾಡುತ್ತಿದ್ದಾನೆಂದು ನೋಡಿ

ಕೋಡಿನಲ್ಲಿ ‘ಫೈಲನ್ನು ಬರೆ’ ಎಂಬ ಒಂದೇ ಸಾಲಿದ್ದರೂ ಕರ್ನಲ್‌ಗೆ ಅದು ಒಂದೇ ಕೆಲಸವಾಗಿ ತಲುಪುವುದಿಲ್ಲ. ಬರೆಯುವ ಪ್ರೊಸೆಸ್‌ಗೆ ಎಸ್‌ಟ್ರೇಸ್ ಹಚ್ಚಿ; ಮರಿ ಪ್ರೊಸೆಸ್‌ಗಳನ್ನೂ ಹಿಂಬಾಲಿಸುವ, ಮೈಕ್ರೋಸೆಕೆಂಡಿನವರೆಗೆ ಸಮಯ ತೋರಿಸುವ ಆಯ್ಕೆಗಳನ್ನು ಜೊತೆಗೆ ಕೊಡಿ. ನಮ್ಮ ದರಪಟ್ಟಿಯ ವಿಷಯದಲ್ಲಿ ಕಾಣುವುದು ಹೀಗೆ: ಮೊದಲು ಟ್ರಂಕೇಟ್ (ಹಳೆಯದನ್ನು ಅಳಿಸು ಎಂಬ) ಗುರುತಿನೊಂದಿಗೆ ಓಪನ್, ಅನಂತರ 4096 ಬೈಟಿನ ರೈಟ್, ಮತ್ತೊಂದು 4096, ಆಮೇಲೆ 1312, ಕೊನೆಗೆ ಕ್ಲೋಸ್. ಓಪನ್ ಮುಗಿದ ಕ್ಷಣಕ್ಕೇ ಫೈಲಿನ ಉದ್ದ ಸೊನ್ನೆಯಾಗಿರುತ್ತದೆ. ಅಲ್ಲಿಂದ ಕೊನೆಯ ರೈಟ್‌ವರೆಗಿನ ಯಾವುದೇ ಬಿಡುವಿನಲ್ಲಿ ಓದಿದವನಿಗೆ ಸಿಗುವುದು ಖಾಲಿ ಅಥವಾ ಅರೆಬರೆ ಫೈಲು.

ಹಾಗಾದರೆ ಎಲ್ಲವನ್ನೂ ಒಂದೇ ರೈಟ್‌ನಲ್ಲಿ ಕಳಿಸಿದರೆ ಸಾಕಲ್ಲವೇ ಎಂಬ ಪ್ರಶ್ನೆ ಪ್ರತಿ ಬಾರಿಯೂ ಬರುತ್ತದೆ. ಸಾಲದು. ಸಾಮಾನ್ಯ ಫೈಲಿನ ಮೇಲಿನ ರೀಡ್ ಮತ್ತು ರೈಟ್ ಒಂದಕ್ಕೊಂದು ಅಖಂಡವಾಗಿ, ಅಂದರೆ ನಡುವಿನ ಸ್ಥಿತಿ ಇಲ್ಲದಂತೆ, ಕಾಣಬೇಕೆಂದು ಯುನಿಕ್ಸ್ ಬಗೆಯ ವ್ಯವಸ್ಥೆಗಳ ಮಾನದಂಡವಾದ ಪೊಸಿಕ್ಸ್ ಹೇಳುತ್ತದೆ, ಆದರೆ ಲಿನಕ್ಸ್‌ನ ಎಲ್ಲ ಫೈಲ್‌ಸಿಸ್ಟಮ್‌ಗಳೂ ಅದನ್ನು ಪಾಲಿಸುವುದಿಲ್ಲ. ಇಎಕ್ಸ್‌ಟಿ4 ಎಂಬ ಫೈಲ್‌ಸಿಸ್ಟಮ್‌ನಲ್ಲಿ ಬರೆಯುವವನು ಇನೋಡ್‌ನ ಲಾಕ್ ಹಿಡಿಯುತ್ತಾನೆ, ಪೇಜ್ ಕ್ಯಾಶ್‌ನಿಂದ (ಕರ್ನಲ್ ಮೆಮೊರಿಯಲ್ಲಿಟ್ಟ ಫೈಲಿನ ಪುಟಗಳಿಂದ) ಓದುವವನು ಹಿಡಿಯುವುದಿಲ್ಲ; ಹಾಗಾಗಿ ಒಂದು ಪುಟ ಹೊಸದು, ಮುಂದಿನ ಪುಟ ಹಳೆಯದು ಎಂಬ ಮಿಶ್ರಣ ಓದುಗನ ಕೈಗೆ ಬರಬಹುದು. ಎಕ್ಸ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್‌ಸಿಸ್ಟಮ್‌ನಲ್ಲಿ ಓದುವವನೂ ಹಂಚಿಕೆಯ (ಓದುಗರೆಲ್ಲ ಒಟ್ಟಿಗೆ ಹಿಡಿಯಬಹುದಾದ) ಲಾಕ್ ಹಿಡಿಯುವುದರಿಂದ ಅಲ್ಲಿ ಈ ಮಿಶ್ರಣವಾಗುವುದಿಲ್ಲ. ಒಂದು ಯಂತ್ರದಲ್ಲಿ ತಿಂಗಳುಗಟ್ಟಲೆ ಸರಿಯಾಗಿ ನಡೆದ ಪ್ರೋಗ್ರಾಮು ಇನ್ನೊಂದು ಯಂತ್ರಕ್ಕೆ ಹೋದ ದಿನವೇ ತೊಂದರೆ ಕೊಡಲು ಇದೂ ಒಂದು ಕಾರಣ. ಇದಲ್ಲದೆ, ಕೇಳಿದ್ದಕ್ಕಿಂತ ಕಡಿಮೆ ಬೈಟು ಬರೆದು ಹಿಂತಿರುಗುವ ಹಕ್ಕು ರೈಟ್‌ಗೆ ಯಾವಾಗಲೂ ಇದೆ.

ಎಸ್‌ಟ್ರೇಸ್ ಹಚ್ಚಿದಾಗ ಪ್ರೋಗ್ರಾಮು ನಿಧಾನವಾಗುತ್ತದೆ ಎಂಬುದು ನೆನಪಿರಲಿ. ಅದರಿಂದ ದೋಷ ಹೆಚ್ಚಬಹುದು, ಇಲ್ಲವೇ ಮಾಯವಾಗಬಹುದು. ಮಾಯವಾದದ್ದನ್ನು ಪರಿಹಾರವೆಂದು ತಿಳಿಯಬೇಡಿ.

ಹಂತ 3: ನಿಮ್ಮ ಫೈಲು ಯಾವ ಬಗೆಯದು ಎಂದು ನಿರ್ಧರಿಸಿ

ಇಡೀ ಫೈಲು ಒಟ್ಟಿಗೆ ಬದಲಾಗುವುದಾದರೆ ಹಂತ 4 ಮತ್ತು 5 ಸಾಕು, ಲಾಕ್ ಬೇಕಾಗಿಲ್ಲ. ಹಳೆಯದನ್ನು ಓದಿ, ತಿದ್ದಿ, ಮತ್ತೆ ಬರೆಯುವವರು ಒಬ್ಬರಿಗಿಂತ ಹೆಚ್ಚಿದ್ದರೆ ಅವುಗಳ ಜೊತೆಗೆ ಹಂತ 6. ಕೊನೆಗೆ ಸೇರಿಸುತ್ತಾ ಹೋಗುವ ಲಾಗ್ ಆದರೆ ನೇರವಾಗಿ ಹಂತ 7. ಸಾವಿರಾರು ದಾಖಲೆಗಳಲ್ಲಿ ಅಲ್ಲೊಂದು ಇಲ್ಲೊಂದು ಬದಲಾಗುವ ದತ್ತಾಂಶವಾದರೆ ಇಲ್ಲಿಗೇ ನಿಲ್ಲಿಸಿ ಎಸ್‌ಕ್ಯುಲೈಟ್ ಎಂಬ ಪುಟ್ಟ ಡೇಟಾಬೇಸ್ ಬಳಸಿ. ಅದು ಈಗಾಗಲೇ ಬಗೆಹರಿಸಿರುವ ಸಮಸ್ಯೆಯನ್ನು ಕೈಯಾರೆ ಬಗೆಹರಿಸಲು ಹೋಗುವುದು ಸಮಯದ ನಷ್ಟವೆಂದು ನನ್ನ ಖಚಿತ ಅಭಿಪ್ರಾಯ.

ಹಂತ 4: ಪಕ್ಕದಲ್ಲಿ ಬರೆಯಿರಿ, ಆಮೇಲೆ ಹೆಸರು ಬದಲಿಸಿ

ಬಳಕೆಯಲ್ಲಿರುವ ಫೈಲನ್ನು ಅದರ ಜಾಗದಲ್ಲೇ ತಿದ್ದಬಾರದು. ಹೊಸ ಫೈಲನ್ನು ಬೇರೆ ಹೆಸರಿನಲ್ಲಿ ಪೂರ್ತಿ ಬರೆದು, ಕೊನೆಯಲ್ಲಿ ರಿನೇಮ್ ಮೂಲಕ ಅದನ್ನು ಹಳೆಯ ಹೆಸರಿಗೆ ತಂದು ಕೂರಿಸಬೇಕು. ಒಂದೇ ಫೈಲ್‌ಸಿಸ್ಟಮ್‌ನ ಒಳಗೆ ರಿನೇಮ್ ಅಖಂಡವಾಗಿ ನಡೆಯುತ್ತದೆ: ಆ ಹೆಸರನ್ನು ಯಾವ ಕ್ಷಣದಲ್ಲಿ ತೆರೆದರೂ ಪೂರ್ತಿ ಹಳೆಯದು ಅಥವಾ ಪೂರ್ತಿ ಹೊಸದು ಸಿಗುತ್ತದೆ, ಹೆಸರೇ ಇಲ್ಲದ ನಡುವಿನ ಸ್ಥಿತಿ ಯಾರಿಗೂ ಕಾಣುವುದಿಲ್ಲ. ಹಳೆಯದನ್ನು ಆಗಲೇ ತೆರೆದಿದ್ದ ಓದುಗನ ಕೈಯಲ್ಲಿ ಹಳೆಯ ಇನೋಡ್ ಇರುತ್ತದೆ. ಅವನು ಮುಚ್ಚುವವರೆಗೂ ಅದು ಒಂದು ಬೈಟೂ ಬದಲಾಗದೆ ಉಳಿಯುತ್ತದೆ.

1. ತಾತ್ಕಾಲಿಕ ಫೈಲನ್ನು ಅದೇ ಡೈರೆಕ್ಟರಿಯಲ್ಲಿ ಸೃಷ್ಟಿಸಿ. ಅತಿ ಹೆಚ್ಚು ಜನ ಎಡವುವುದು ಇಲ್ಲಿಯೇ. ವ್ಯವಸ್ಥೆಯ ಟೆಂಪ್ ಡೈರೆಕ್ಟರಿ ಅನೇಕ ಕಡೆ ಬೇರೆಯೇ ಫೈಲ್‌ಸಿಸ್ಟಮ್, ಕೆಲವೆಡೆ ಬರೀ ಮೆಮೊರಿಯಲ್ಲಿರುವಂಥದ್ದು. ಅಲ್ಲಿಂದ ರಿನೇಮ್ ಮಾಡಿದರೆ ‘ಕ್ರಾಸ್-ಡಿವೈಸ್ ಲಿಂಕ್’ ಎಂಬ ದೋಷ ಬರುತ್ತದೆ. ಅದನ್ನು ಕಂಡವರು ಎಂವಿ ಆಜ್ಞೆಗೋ ಪೈಥಾನಿನ ಶುಟಿಲ್ ಮೂವ್‌ಗೋ ಬದಲಾಯಿಸಿಕೊಳ್ಳುತ್ತಾರೆ. ದೋಷ ನಿಲ್ಲುತ್ತದೆ, ಆದರೆ ಅವೆರಡೂ ಒಳಗೊಳಗೇ ನಕಲು ಮಾಡಿ ಮೂಲವನ್ನು ಅಳಿಸುತ್ತವೆ; ಅಂದರೆ ಹೊರಟ ಜಾಗಕ್ಕೇ ವಾಪಸು ಬಂದಂತಾಯಿತು.

2. ಹೆಸರು ಪ್ರತಿ ಬಾರಿಯೂ ಬೇರೆಯಾಗಿರಲಿ. ದರಪಟ್ಟಿಯ ಹೆಸರಿಗೆ ‘ಹೊಸ’ ಎಂದು ಸೇರಿಸಿದ ಒಂದೇ ಹೆಸರನ್ನು ಇಬ್ಬರು ಬರೆಯುವವರು ಬಳಸಿದರೆ, ಅವರಿಬ್ಬರೂ ಆ ತಾತ್ಕಾಲಿಕ ಫೈಲಿನ ಮೇಲೆಯೇ ರೇಸ್‌ಗೆ ಬೀಳುತ್ತಾರೆ. ಪೈಥಾನಿನ ಟೆಂಪ್‌ಫೈಲ್ ಮಾಡ್ಯೂಲಿಗೆ ಡೈರೆಕ್ಟರಿಯನ್ನು ನೀವೇ ತಿಳಿಸಿ ಬಳಸಿದರೆ ಈ ಎರಡೂ ಅಂಶಗಳು ಸರಿಹೋಗುತ್ತವೆ. ಹೆಸರು ಚುಕ್ಕಿಯಿಂದ ಆರಂಭವಾದರೆ, ಡೈರೆಕ್ಟರಿಯ ಜೇಸನ್ ಫೈಲುಗಳನ್ನೆಲ್ಲ ಎತ್ತಿಕೊಳ್ಳುವ ಬೇರೆ ಪ್ರೋಗ್ರಾಮುಗಳ ಕಣ್ಣಿಗೂ ಸಾಮಾನ್ಯವಾಗಿ ಬೀಳುವುದಿಲ್ಲ.

3. ಪೂರ್ತಿ ಬರೆದು ಪ್ರೋಗ್ರಾಮಿಂಗ್ ಭಾಷೆಯ ಬಫರನ್ನು ಖಾಲಿ ಮಾಡಿ (ಫ್ಲಶ್), ಅನಂತರ ದತ್ತಾಂಶವನ್ನು ಡಿಸ್ಕಿಗೆ ಮುಟ್ಟಿಸುವ ಎಫ್‌ಸಿಂಕ್ ಕರೆಯಿರಿ. ಫ್ಲಶ್ ಮಾಡದೆ ಎಫ್‌ಸಿಂಕ್ ಕರೆದರೆ ಬಫರಿನಲ್ಲಿ ಉಳಿದ ಕೊನೆಯ ತುಣುಕು ಕರ್ನಲ್‌ಗೇ ತಲುಪಿರುವುದಿಲ್ಲ. ಎಫ್‌ಸಿಂಕ್ ಬಿಟ್ಟರೂ ದಿನನಿತ್ಯ ಏನೂ ಆಗುವುದಿಲ್ಲ. ಕರೆಂಟು ಹೋದ ದಿನ ಹೆಸರು ಬದಲಾಗಿರುತ್ತದೆ, ಒಳಗೆ ದತ್ತಾಂಶ ಇರುವುದಿಲ್ಲ, ಸೊನ್ನೆ ಬೈಟಿನ ಫೈಲೊಂದು ಕುಳಿತಿರುತ್ತದೆ. ಎಫ್‌ಸಿಂಕ್ ದೋಷ ಹಿಂತಿರುಗಿಸಿದರೆ ಅದನ್ನೇ ಮತ್ತೆ ಕರೆಯಬೇಡಿ. ಎರಡನೆಯ ಕರೆ ಯಶಸ್ವಿಯೆಂದು ಹೇಳಿದರೂ ಮೊದಲ ದತ್ತಾಂಶ ಕಳೆದುಹೋಗಿರಬಹುದು. ತಾತ್ಕಾಲಿಕ ಫೈಲನ್ನು ಅಳಿಸಿ ಮೊದಲಿನಿಂದ ಬರೆಯಿರಿ.

4. ಅನುಮತಿಗಳನ್ನು ಸರಿಪಡಿಸಿ. ತಾತ್ಕಾಲಿಕ ಫೈಲನ್ನು ಸುರಕ್ಷಿತವಾಗಿ ಸೃಷ್ಟಿಸುವ ಫಂಕ್ಷನ್‌ಗಳು ಅದಕ್ಕೆ 0600 ಅನುಮತಿ ಕೊಡುತ್ತವೆ, ಅಂದರೆ ಮಾಲೀಕನ ಹೊರತು ಬೇರಾರೂ ಓದಲಾರರು. ಹೆಸರು ಬದಲಾದ ಮೇಲೂ ಅದೇ ಅನುಮತಿ ಉಳಿಯುತ್ತದೆ. ನಾನು ನೋಡಿಕೊಳ್ಳುತ್ತಿದ್ದ ಒಂದು ಸರ್ವರಿನಲ್ಲಿ ಹೀಗೆಯೇ ಆಯಿತು: ರೇಸ್ ಸರಿಪಡಿಸಿದೆನೆಂದು ನೆಮ್ಮದಿಯಿಂದ ಮನೆಗೆ ಹೋದ ಸಂಜೆ, ಬೇರೆ ಬಳಕೆದಾರನ ಹೆಸರಿನಲ್ಲಿ ಓಡುತ್ತಿದ್ದ ವೆಬ್ ಸರ್ವರ್‌ಗೆ ಫೈಲು ತೆರೆಯುವ ಅನುಮತಿಯೇ ಇಲ್ಲದೆ ಇಡೀ ಪುಟ ನಿಂತುಹೋಯಿತು. ಅನುಮತಿ ಮತ್ತು ಮಾಲೀಕತ್ವವನ್ನು ರಿನೇಮ್‌ಗೆ ಮೊದಲೇ ಹೊಂದಿಸಿ; ಆಮೇಲೆ ಹೊಂದಿಸಿದರೆ ನಡುವೆ ಮತ್ತೊಂದು ಬಿರುಕು ಉಳಿಯುತ್ತದೆ.

5. ರಿನೇಮ್ ಮಾಡಿ. ಪೈಥಾನಿನಲ್ಲಿ ಓಎಸ್ ಮಾಡ್ಯೂಲಿನ ರಿಪ್ಲೇಸ್, ಜಾವಾದಲ್ಲಿ ಅಟಾಮಿಕ್ ಮೂವ್ ಆಯ್ಕೆಯೊಂದಿಗೆ ಫೈಲ್ಸ್ ಮೂವ್. ಮೊದಲು ಹಳೆಯದನ್ನು ಅಳಿಸಿ ಆಮೇಲೆ ಹೆಸರು ಬದಲಿಸುವ ‘ಎಚ್ಚರಿಕೆ’ ಬೇಡ. ಆ ಎರಡರ ನಡುವೆ ಬಂದ ಓದುಗನಿಗೆ ಫೈಲೇ ಸಿಗುವುದಿಲ್ಲ.

6. ಡೈರೆಕ್ಟರಿಯನ್ನು ತೆರೆದು ಅದಕ್ಕೂ ಎಫ್‌ಸಿಂಕ್ ಮಾಡಿ. ಹೆಸರು ಬದಲಾದದ್ದು ಡೈರೆಕ್ಟರಿಯಲ್ಲಿ ದಾಖಲಾಗುವ ಸಂಗತಿ, ಫೈಲಿನಲ್ಲಿ ಅಲ್ಲ.

ಎಚ್ಚರ ವಹಿಸಬೇಕಾದ ಇನ್ನೆರಡು ಸ್ಥಿತಿಗಳಿವೆ. ಗುರಿಯ ಹೆಸರು ಸಿಂಬಾಲಿಕ್ ಲಿಂಕ್ (ಬೇರೊಂದು ಹಾದಿಯನ್ನು ತೋರುವ ಹೆಸರು) ಆಗಿದ್ದರೆ ರಿನೇಮ್ ಲಿಂಕನ್ನೇ ಬದಲಿಸುತ್ತದೆ, ಅದು ತೋರುವ ಫೈಲನ್ನಲ್ಲ. ಮೊದಲು ನಿಜವಾದ ಹಾದಿಯನ್ನು ಕಂಡುಕೊಳ್ಳಿ. ಗುರಿಗೆ ಹಾರ್ಡ್ ಲಿಂಕ್‌ಗಳಿದ್ದರೆ (ಅದೇ ಫೈಲಿಗೆ ಬೇರೆ ಹೆಸರುಗಳೂ ಇದ್ದರೆ) ಉಳಿದ ಹೆಸರುಗಳು ಹಳೆಯ ಫೈಲಿಗೇ ಅಂಟಿಕೊಂಡಿರುತ್ತವೆ.

ಶೆಲ್ ಬಳಸುವವರಿಗೆ ಒಂದು ಮಾತು. ಒಂದು ಫೈಲನ್ನು ಸಾರ್ಟ್ ಮಾಡಿ ಫಲಿತಾಂಶವನ್ನು ಅದೇ ಫೈಲಿಗೆ ‘>’ ಚಿಹ್ನೆಯಿಂದ ತಿರುಗಿಸಿದರೆ, ಸಾರ್ಟ್ ಆರಂಭವಾಗುವ ಮೊದಲೇ ಶೆಲ್ ಆ ಫೈಲನ್ನು ಖಾಲಿ ಮಾಡಿರುತ್ತದೆ. ಇಲ್ಲಿ ಅದೃಷ್ಟದ ಪ್ರಶ್ನೆಯೂ ಇಲ್ಲ, ಪ್ರತಿ ಬಾರಿಯೂ ದತ್ತಾಂಶ ಹೋಗುತ್ತದೆ.

ಹಂತ 5: ಓದುವ ಬದಿಯನ್ನು ಸರಿಪಡಿಸಿ

ಬರೆಯುವವನು ಸರಿಯಾದ ಮೇಲೂ ಓದುಗ ತಪ್ಪಬಹುದು. ಹೆಸರಿನಿಂದ ಫೈಲಿನ ಉದ್ದ ಕೇಳಿ, ಆಮೇಲೆ ಹೆಸರಿನಿಂದಲೇ ತೆರೆದು ಅಷ್ಟು ಬೈಟು ಓದಿದರೆ, ಉದ್ದ ಹಳೆಯ ಫೈಲಿನದು, ಬೈಟುಗಳು ಹೊಸ ಫೈಲಿನವು ಆಗಬಹುದು. ಒಮ್ಮೆ ಮಾತ್ರ ತೆರೆಯಿರಿ. ಉದ್ದ ಬೇಕಿದ್ದರೆ ತೆರೆದಾಗ ಸಿಕ್ಕ ಡಿಸ್ಕ್ರಿಪ್ಟರನ್ನೇ (ತೆರೆದ ಫೈಲನ್ನು ಗುರುತಿಸುವ ಸಂಖ್ಯೆಯನ್ನೇ) ಕೇಳಿ. ಫೈಲು ಮುಗಿಯಿತೆಂಬ ಉತ್ತರ ಬರುವವರೆಗೆ ಅದರಿಂದಲೇ ಓದಿ. ಫೈಲು ಇದೆಯೇ ಎಂದು ಮೊದಲು ವಿಚಾರಿಸುವ ಅಭ್ಯಾಸವನ್ನೂ ಬಿಡಬೇಕು. ನೇರವಾಗಿ ತೆರೆದು, ತೆರೆಯಲಾಗದಿದ್ದರೆ ಬರುವ ದೋಷವನ್ನು ನಿಭಾಯಿಸಿ.

ಬದಲಾವಣೆಗೆ ಐನೋಟಿಫೈ ಮೂಲಕ ಕಾಯುವವರು ಫೈಲಿಗೆ ಕಾವಲು ಹಾಕಿದರೆ ಮೊದಲ ರಿನೇಮ್ ಆದ ಮೇಲೆ ಯಾರೂ ಬಳಸದ ಹಳೆಯ ಇನೋಡನ್ನೇ ಕಾಯುತ್ತಾ ಕೂರುತ್ತಾರೆ. ಡೈರೆಕ್ಟರಿಗೆ ಕಾವಲು ಹಾಕಿ, ‘ಮೂವ್ಡ್ ಟು’ ಘಟನೆಗೆ ಕಾಯಿರಿ. ‘ಮಾಡಿಫೈ’ ಘಟನೆ ಪ್ರತಿ ರೈಟ್‌ಗೂ ಬರುತ್ತದೆ. ಅದನ್ನು ನಂಬಿ ಓದಿದರೆ ಅರೆಬರೆ ಫೈಲೇ ಗತಿ. ಬರೆಯುವವನು ನಿಮ್ಮ ಹಿಡಿತದಲ್ಲಿಲ್ಲದಿದ್ದರೆ, ಉದಾಹರಣೆಗೆ ಎಸ್‌ಸಿಪಿಯಿಂದ ಯಾರೋ ಫೈಲು ಕಳಿಸುತ್ತಿದ್ದರೆ, ‘ಕ್ಲೋಸ್ ರೈಟ್’ ಘಟನೆಗೆ ಕಾಯಿರಿ. ಇನ್ನೂ ಒಳ್ಳೆಯದೆಂದರೆ ಆರ್‌ಸಿಂಕ್ ಬಳಸಲು ಕೇಳಿಕೊಳ್ಳುವುದು. ಅದು ತಾನಾಗಿಯೇ ಗುಪ್ತ ಹೆಸರಿನಲ್ಲಿ ಬರೆದು ಕೊನೆಯಲ್ಲಿ ಹೆಸರು ಬದಲಿಸುತ್ತದೆ. ಎರಡು ಬಾರಿ ಉದ್ದ ನೋಡಿ ಬದಲಾಗದಿದ್ದರೆ ಪೂರ್ತಿಯಾಗಿದೆ ಎಂದು ಊಹಿಸುವ ವಿಧಾನವನ್ನು ಬಳಸಬೇಡಿ. ನೆಟ್‌ವರ್ಕ್ ಎರಡು ಸೆಕೆಂಡು ತಡವರಿಸಿದರೆ ಅದು ಮುರಿಯುತ್ತದೆ.

ಫೈಲನ್ನು ಮೆಮೊರಿಗೆ ಮ್ಯಾಪ್ ಮಾಡಿ ಓದುವವರಿಗೆ ಅಪಾಯ ಇನ್ನೂ ದೊಡ್ಡದು: ಬೇರೊಬ್ಬರು ಫೈಲನ್ನು ಜಾಗದಲ್ಲೇ ಕತ್ತರಿಸಿದರೆ, ಕತ್ತರಿಸಿದ ಪುಟವನ್ನು ಮುಟ್ಟಿದ ಕ್ಷಣ ಸಿಗ್‌ಬಸ್ ಸಿಗ್ನಲ್ ಬಂದು ಪ್ರೊಸೆಸ್ ಸಾಯುತ್ತದೆ.

ಎರಡು-ಮೂರು ಫೈಲುಗಳು ಪರಸ್ಪರ ಹೊಂದಿಕೊಂಡೇ ಇರಬೇಕಾದರೆ ಒಂದೊಂದನ್ನೂ ರಿನೇಮ್ ಮಾಡುವುದು ಸಾಲದು. ಎಲ್ಲವನ್ನೂ ಹೊಸ ಡೈರೆಕ್ಟರಿಯಲ್ಲಿ ಬರೆದು, ಅದನ್ನು ತೋರುವ ಸಿಂಬಾಲಿಕ್ ಲಿಂಕ್ ಒಂದನ್ನು ತಾತ್ಕಾಲಿಕ ಹೆಸರಿನಲ್ಲಿ ಸೃಷ್ಟಿಸಿ, ಆ ಲಿಂಕನ್ನು ಹಳೆಯ ಲಿಂಕಿನ ಮೇಲೆ ರಿನೇಮ್ ಮಾಡಿ. ಕಂಟೇನರ್‌ಗಳನ್ನು ನಿರ್ವಹಿಸುವ ಕುಬರ್ನೆಟೀಸ್ ತನ್ನ ಕಾನ್ಫಿಗ್‌ಮ್ಯಾಪ್ ವಾಲ್ಯೂಮ್‌ಗಳನ್ನು (ಸಂರಚನೆಯ ಫೈಲುಗಳನ್ನು) ಬದಲಿಸುವುದೂ ಹೀಗೆಯೇ. ಓದುಗ ಡೈರೆಕ್ಟರಿಯನ್ನು ಒಮ್ಮೆ ತೆರೆದು, ಆ ತೆರೆದ ಡೈರೆಕ್ಟರಿಯ ಮೂಲಕವೇ ಎಲ್ಲ ಫೈಲುಗಳನ್ನು ತೆಗೆಯಬೇಕು.

ಹಂತ 6: ಬದಲಾವಣೆ ಕಳೆದುಹೋಗದಂತೆ ಲಾಕ್ ಹಾಕಿ

ಒಂದು ಪ್ರೋಗ್ರಾಮು ರಾಶಿಯ ದರ ತಿದ್ದುತ್ತದೆ, ಇನ್ನೊಂದು ಬೆಟ್ಟೆಯ ದರ ತಿದ್ದುತ್ತದೆ ಎಂದುಕೊಳ್ಳಿ. ಇಬ್ಬರೂ ಒಂದೇ ಹಳೆಯ ಫೈಲನ್ನು ಓದಿದರು, ತಮ್ಮ ತಮ್ಮ ದರ ತಿದ್ದಿದರು, ಇಬ್ಬರೂ ಸರಿಯಾಗಿ ರಿನೇಮ್ ಮಾಡಿದರು. ಕೊನೆಗೆ ಬಂದವನ ಫೈಲು ಉಳಿಯಿತು, ಅದರಲ್ಲಿ ಮೊದಲಿನವನ ತಿದ್ದುಪಡಿ ಇಲ್ಲ. ರಿನೇಮ್‌ಗೆ ಇದನ್ನು ತಡೆಯುವ ಶಕ್ತಿಯಿಲ್ಲ. ಇಲ್ಲಿ ಮಾತ್ರ ಲಾಕ್ ಬೇಕು, ಮತ್ತು ಅದು ಓದುವ ಮೊದಲೇ ಹಿಡಿದು ರಿನೇಮ್ ಆದ ಮೇಲೆ ಬಿಡುವಂಥದ್ದಾಗಿರಬೇಕು. ಬರೆಯುವಾಗ ಮಾತ್ರ ಹಿಡಿದ ಲಾಕ್ ಏನನ್ನೂ ಕಾಪಾಡುವುದಿಲ್ಲ.

ಲಾಕ್‌ಗಾಗಿ ಬೇರೆಯೇ ಒಂದು ಫೈಲಿಡಿ. ದರಪಟ್ಟಿಯ ಮೇಲೆಯೇ ಲಾಕ್ ಹಾಕಿದರೆ ಅದು ಆ ಇನೋಡ್‌ಗೆ ಅಂಟುತ್ತದೆ. ರಿನೇಮ್ ಆದ ಮೇಲೆ ಒಬ್ಬ ಹಳೆಯ ಇನೋಡ್‌ನ ಲಾಕ್ ಹಿಡಿದಿರುತ್ತಾನೆ, ಇನ್ನೊಬ್ಬ ಹೊಸದರದ್ದು, ಇಬ್ಬರೂ ತಾವೇ ಒಳಗಿರುವವರೆಂದು ನಂಬಿರುತ್ತಾರೆ. ಇದೇ ಕಾರಣಕ್ಕೆ ಲಾಕ್ ಫೈಲನ್ನು ಕೆಲಸ ಮುಗಿದ ಮೇಲೆ ಅಳಿಸಬಾರದು. ಖಾಲಿ ಫೈಲೊಂದು ಡೈರೆಕ್ಟರಿಯಲ್ಲಿ ಉಳಿದರೆ ಯಾವ ಹಾನಿಯೂ ಇಲ್ಲ.

ಎಫ್‌ಲಾಕ್ (flock) ಮತ್ತು ಎಫ್‌ಕಂಟ್ರೋಲ್ (fcntl) ಎಂಬ ಎರಡು ಬಗೆಯ ಲಾಕ್‌ಗಳಿವೆ. ಸ್ಥಳೀಯ ಫೈಲ್‌ಸಿಸ್ಟಮ್‌ನಲ್ಲಿ ಒಂದಕ್ಕೆ ಇನ್ನೊಂದು ಕಾಣುವುದಿಲ್ಲ, ಹಾಗಾಗಿ ಎಲ್ಲರೂ ಒಂದೇ ಬಗೆಯದನ್ನು ಬಳಸಬೇಕು. ಎಫ್‌ಕಂಟ್ರೋಲ್‌ನ ಹಳೆಯ ಬಗೆಯಲ್ಲಿ ಒಂದು ಕ್ರೂರ ನಿಯಮವಿದೆ: ನಿಮ್ಮ ಪ್ರೊಸೆಸ್ ಅದೇ ಫೈಲಿನ ಯಾವುದೇ ಡಿಸ್ಕ್ರಿಪ್ಟರನ್ನು ಮುಚ್ಚಿದರೂ ಲಾಕ್ ಬಿಟ್ಟುಹೋಗುತ್ತದೆ, ಯಾವುದೋ ಲೈಬ್ರರಿ ನಿಮಗೆ ತಿಳಿಯದಂತೆ ತೆರೆದು ಮುಚ್ಚಿದರೂ ಸಹ. ಲಿನಕ್ಸ್ 3.15ರಿಂದ ಲಭ್ಯವಿರುವ ಓಪನ್ ಫೈಲ್ ಡಿಸ್ಕ್ರಿಪ್ಷನ್ ಲಾಕ್‌ಗಳಲ್ಲಿ ಈ ತೊಂದರೆಯಿಲ್ಲ, ಎಫ್‌ಲಾಕ್‌ನಲ್ಲೂ ಇಲ್ಲ. ಎಫ್‌ಲಾಕ್‌ನಲ್ಲಿ ಹಂಚಿಕೆಯ ಲಾಕನ್ನು ಏಕಾಂತ (ಒಬ್ಬನೇ ಹಿಡಿಯಬಹುದಾದ) ಲಾಕಾಗಿ ಏರಿಸುವುದು ಅಖಂಡ ಕ್ರಿಯೆಯಲ್ಲ, ನಡುವೆ ಬೇರೊಬ್ಬರು ನುಗ್ಗಬಹುದು. ಬರೆಯುವ ಉದ್ದೇಶವಿದ್ದರೆ ಮೊದಲೇ ಏಕಾಂತ ಲಾಕ್ ಕೇಳಿ.

ಇವೆಲ್ಲ ಒಪ್ಪಂದದ ಲಾಕ್‌ಗಳು. ಲಾಕ್ ಕೇಳದೆ ಬರೆಯುವವನನ್ನು ಕರ್ನಲ್ ತಡೆಯುವುದಿಲ್ಲ. ಬಲವಂತದ ಲಾಕ್ ವ್ಯವಸ್ಥೆಯನ್ನು ಲಿನಕ್ಸ್ 5.15ರಲ್ಲಿ ತೆಗೆದೇಹಾಕಲಾಗಿದೆ, ಆದ್ದರಿಂದ ಅದನ್ನು ಅವಲಂಬಿಸಿದ ಹಳೆಯ ಸಲಹೆಗಳನ್ನು ಅನುಸರಿಸಬೇಡಿ. ನಿಗದಿತ ಹೊತ್ತಿಗೆ ಕೆಲಸ ಆರಂಭಿಸುವ ಕ್ರಾನ್‌ನಿಂದ ಓಡುವ ಸ್ಕ್ರಿಪ್ಟುಗಳಿಗೆ ಎಫ್‌ಲಾಕ್ ಆಜ್ಞೆಯನ್ನು ಮುಂದೆ ಸೇರಿಸಿದರೆ ಸಾಕು. ಪ್ರೊಸೆಸ್ ಸಂಖ್ಯೆಯನ್ನು ಫೈಲಿನಲ್ಲಿ ಬರೆದಿಟ್ಟು ಪರೀಕ್ಷಿಸುವ ಕೈಕೆಲಸಕ್ಕಿಂತ ಅದು ಎಷ್ಟೋ ಭದ್ರ, ಏಕೆಂದರೆ ಪ್ರೊಸೆಸ್ ಸತ್ತರೆ ಕರ್ನಲ್ಲೇ ಲಾಕನ್ನು ಬಿಡಿಸುತ್ತದೆ.

ಹಂತ 7: ಲಾಗ್ ಫೈಲುಗಳು

ಅಪೆಂಡ್ (ಕೊನೆಗೆ ಸೇರಿಸು ಎಂಬ) ಗುರುತಿನೊಂದಿಗೆ ತೆರೆದರೆ, ಫೈಲಿನ ಕೊನೆಗೆ ಸರಿಯುವುದು ಮತ್ತು ಬರೆಯುವುದು ಸ್ಥಳೀಯ ಫೈಲ್‌ಸಿಸ್ಟಮ್‌ನಲ್ಲಿ ಒಂದೇ ಅಖಂಡ ಕ್ರಿಯೆಯಾಗಿ ನಡೆಯುತ್ತದೆ. ನೀವೇ ಕೊನೆಗೆ ಸೀಕ್ ಮಾಡಿ ಬರೆದರೆ ಆ ಭರವಸೆ ಇಲ್ಲ. ಪ್ರತಿ ಸಾಲನ್ನೂ ಒಂದೇ ರೈಟ್‌ನಲ್ಲಿ ಕಳಿಸಿ. ಬಫರು ತುಂಬಿದಾಗ ಹೊರಹೋಗಲೆಂದು ಬಿಟ್ಟರೆ ಅದು 4096ನೆಯ ಬೈಟಿನಲ್ಲಿ ಸಾಲಿನ ನಡುವೆಯೇ ಕತ್ತರಿಸುತ್ತದೆ, ಮುಂದಿನ ತುಂಡಿನ ಮೊದಲು ಇನ್ನೊಬ್ಬರ ಸಾಲು ಬಂದು ಕೂರುತ್ತದೆ. 4096 ಬೈಟಿನೊಳಗಿನ ಬರಹ ಬೆರೆಯುವುದಿಲ್ಲ ಎಂಬ ಪ್ರಸಿದ್ಧ ಮಾತು ಪ್ರೋಗ್ರಾಮುಗಳ ನಡುವೆ ದತ್ತಾಂಶ ಸಾಗಿಸುವ ಪೈಪ್‌ಗಳಿಗೆ ಸಂಬಂಧಿಸಿದ್ದು, ಫೈಲುಗಳಿಗಲ್ಲ. ಬೆಳೆದ ಲಾಗುಗಳನ್ನು ಬದಿಗಿಡುವ ಲಾಗ್‌ರೊಟೇಟ್‌ನಲ್ಲಿ, ನಕಲು ಮಾಡಿ ಮೂಲವನ್ನು ಕತ್ತರಿಸುವ ಕಾಪಿಟ್ರಂಕೇಟ್ ಆಯ್ಕೆ ನಕಲಿಗೂ ಕತ್ತರಿಸುವುದಕ್ಕೂ ನಡುವೆ ಬಂದ ಸಾಲುಗಳನ್ನು ಕಳೆಯಬಹುದೆಂದು ಅದರ ಕೈಪಿಡಿಯೇ ಎಚ್ಚರಿಸುತ್ತದೆ.

ಹಂತ 8: ಎನ್‌ಎಫ್‌ಎಸ್ ಮತ್ತು ಕಂಟೇನರ್‌ಗಳಲ್ಲಿ ಮರುಪರಿಶೀಲನೆ

ನೆಟ್‌ವರ್ಕ್ ಮೂಲಕ ಫೈಲು ಹಂಚಿಕೊಳ್ಳುವ ಎನ್‌ಎಫ್‌ಎಸ್‌ನಲ್ಲಿ ಅಪೆಂಡ್‌ನ ಭರವಸೆ ಇಲ್ಲ. ಇಬ್ಬರು ಒಟ್ಟಿಗೆ ಸೇರಿಸಿದರೆ ಫೈಲು ಕೆಡಬಹುದು. ಅಲ್ಲಿ ಫೈಲಿನ ವಿವರಗಳನ್ನು ಕ್ಲಯಂಟ್ ಯಂತ್ರ ಸಾಮಾನ್ಯವಾಗಿ 3ರಿಂದ 60 ಸೆಕೆಂಡುಗಳವರೆಗೆ ತನ್ನಲ್ಲೇ ಇಟ್ಟುಕೊಂಡಿರುವುದರಿಂದ ಬದಲಾವಣೆ ತಡವಾಗಿ ಕಾಣುತ್ತದೆ. ಒಂದು ಯಂತ್ರದಲ್ಲಿ ರಿನೇಮ್ ಆದಾಗ ಇನ್ನೊಂದು ಯಂತ್ರದ ಓದುಗನಿಗೆ ‘ಸ್ಟೇಲ್ ಫೈಲ್ ಹ್ಯಾಂಡಲ್’ ದೋಷ ಬರಬಹುದು. ಆಗ ಮತ್ತೆ ತೆರೆದು ಮೊದಲಿನಿಂದ ಓದಬೇಕು. ಮರುಪ್ರಯತ್ನ ಸರಿಯಾದ ಉತ್ತರವಾಗುವ ಅಪರೂಪದ ಜಾಗ ಇದು.

ಪ್ರೋಗ್ರಾಮುಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣದಲ್ಲಿ ಓಡಿಸುವ ಡಾಕರ್‌ನಲ್ಲಿ ಒಂದೇ ಫೈಲನ್ನು ಬೈಂಡ್ ಮೌಂಟ್ ಮಾಡಿದ್ದರೆ (ಹೊರಗಿನದು ಒಳಗೆ ಕಾಣುವಂತೆ ಜೋಡಿಸಿದ್ದರೆ), ಹೊರಗೆ ರಿನೇಮ್ ಮಾಡಿದ ಹೊಸ ಫೈಲು ಕಂಟೇನರಿನೊಳಗೆ ಕಾಣುವುದೇ ಇಲ್ಲ, ಒಳಗಿನಿಂದ ರಿನೇಮ್ ಮಾಡಲು ಹೋದರೆ ‘ಬ್ಯುಸಿ’ ಎಂಬ ದೋಷ ಬರುತ್ತದೆ. ಅದು ಇರುವ ಡೈರೆಕ್ಟರಿಯನ್ನೇ ಮೌಂಟ್ ಮಾಡಿ.

ಹಂತ 9: ಮುರಿಯಲು ಪ್ರಯತ್ನಿಸಿ

ಒಂದು ಪರೀಕ್ಷಾ ಪ್ರೋಗ್ರಾಮು ಬಿಡುವಿಲ್ಲದೆ ಒಮ್ಮೆ ಬರೀ ‘ಅ’ ತುಂಬಿದ, ಇನ್ನೊಮ್ಮೆ ಬರೀ ‘ಕ’ ತುಂಬಿದ, ಬೇರೆ ಬೇರೆ ಉದ್ದದ, ಒಂದು ಮೆಗಾಬೈಟಿಗೂ ಹೆಚ್ಚಿನ ಫೈಲನ್ನು ಬರೆಯಲಿ; ಮೊದಲ ಸಾಲಿನಲ್ಲಿ ಉಳಿದ ಭಾಗದ ಉದ್ದ ಮತ್ತು ಚೆಕ್‌ಸಮ್ (ಬೈಟುಗಳಿಂದ ಲೆಕ್ಕಹಾಕಿದ ತಾಳೆಯ ಸಂಖ್ಯೆ) ಇರಲಿ. ನಾಲ್ಕು ಓದುಗರು ಒಟ್ಟಿಗೆ ಓದುತ್ತಾ ಚೆಕ್‌ಸಮ್ ಹೋಲಿಸಲಿ. ಮೊದಲು ಹಳೆಯ ವಿಧಾನದಲ್ಲಿಯೇ ಓಡಿಸಿ, ಪರೀಕ್ಷೆ ದೋಷವನ್ನು ಹಿಡಿಯುತ್ತದೆಯೇ ನೋಡಿ. ಹಿಡಿಯದಿದ್ದರೆ ತಿದ್ದಬೇಕಾದದ್ದು ಪರೀಕ್ಷೆಯನ್ನು. ಹಿಡಿದ ಮೇಲೆ ಹಂತ 4ರ ವಿಧಾನಕ್ಕೆ ಬದಲಿಸಿ ರಾತ್ರಿಯಿಡೀ ಓಡಿಸಿ. ಓಡುತ್ತಿರುವಾಗಲೇ ಬರೆಯುವವನನ್ನು ಆಗಾಗ ಕಿಲ್ ಆಜ್ಞೆಯ 9ನೆಯ ಸಿಗ್ನಲ್‌ನಿಂದ ಕೊಲ್ಲಿ: ದರಪಟ್ಟಿಗೆ ಏನೂ ಆಗಬಾರದು, ಡೈರೆಕ್ಟರಿಯಲ್ಲಿ ಅನಾಥ ತಾತ್ಕಾಲಿಕ ಫೈಲುಗಳು ಮಾತ್ರ ಉಳಿಯಬೇಕು. ಅವುಗಳಲ್ಲಿ ಒಂದು ದಿನಕ್ಕಿಂತ ಹಳೆಯವನ್ನು, ಹಂತ 6ರ ಲಾಕ್ ಹಿಡಿದುಕೊಂಡೇ, ಪ್ರೋಗ್ರಾಮು ಆರಂಭವಾಗುವಾಗ ಅಳಿಸಿಹಾಕಿ.